ಮೂಗು ತಗ್ಗಿಸಿ ನಿಲ್ಲುವ ಗಾಡಿ

ನನ್ನ ಪಿಕಪ್ಪಿನ ಮುಂಭಾಗವನ್ನು ಎರಡು ಸಲ ಎತ್ತಿಸಿದ್ದೇನೆ, ನಡುವೆ ಒಂದು ಸಲ ಇಳಿಸಿದ್ದೇನೆ. ಮೂರು ಸಲವೂ ದುಡ್ಡು ಕೊಟ್ಟಿದ್ದೇನೆ. ಈಗ ತಂಗಿಯ ಮಗ ಹಳೆಯ ವಿ-ಕ್ರಾಸ್ ಪಿಕಪ್ ಒಂದನ್ನು ಕೊಂಡು ತಂದಿದ್ದಾನೆ. ತಂದ ಮೂರನೇ ದಿನಕ್ಕೇ, "ಮಾವ, ಮುಂದೆ ಎರಡು ಇಂಚು ಎತ್ತಿಸಿಬಿಡಲೇ?" ಎಂದು ಫೋನು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಆಯಿತು ಮಾವ" ಎನ್ನುವ ಹುಡುಗ ಅವನು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಈ ಆಸೆ ಹತ್ತಿದವನು ಅವನೊಬ್ಬನೇ ಅಲ್ಲವಲ್ಲ.

ಖಾಲಿ ಪಿಕಪ್ಪನ್ನು ಪಕ್ಕದಿಂದ ನೋಡಿದರೆ ಹಿಂಭಾಗ ಎದ್ದಿರುತ್ತದೆ, ಮೂಗು ತಗ್ಗಿರುತ್ತದೆ. ಕಾರು ನೋಡಿ ರೂಢಿಯಾದ ಕಣ್ಣಿಗೆ ಅದೊಂದು ಊನದಂತೆ ಕಾಣುತ್ತದೆ. ಹಿಂದಿರುವುದು ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್. ಮೂಟೆ ಬಿದ್ದಾಗ ತಗ್ಗಲು ಅದಕ್ಕೆ ಜಾಗ ಬೇಕು. ಆ ಜಾಗವನ್ನು ಕಾರ್ಖಾನೆಯವರು ಮೊದಲೇ ಬಿಟ್ಟು ಕಳಿಸಿರುತ್ತಾರೆ. ಐವತ್ತು ಕೆ.ಜಿ.ಯ ಆರು ಕಾಫಿ ಮೂಟೆ ಹೇರಿದರೆ ನನ್ನ ಗಾಡಿ ಹೆಚ್ಚುಕಡಿಮೆ ಮಟ್ಟಸವಾಗಿ ನಿಲ್ಲುತ್ತಿತ್ತು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಎತ್ತಿಸಿದೆ.

ನೆಪ ಮಾತ್ರ ಸುಳ್ಳಲ್ಲ. ನಮ್ಮ ತೋಟದ ಗೇಟು ದಾಟಿದ ಕೂಡಲೇ ಒಂದು ಮೋರಿ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಈಚೆ ದಡ ಕೊರೆದು ಮೊಣಕಾಲುದ್ದದ ಕೊರಕಲಾಗುತ್ತದೆ. ಅಲ್ಲಿ ಇಳಿಯುವಾಗ ಗಾಡಿಯ ಮೂಗಿನ ಕೆಳತುದಿ ಪ್ರತಿ ಸಲವೂ ಕೆರೆಯುತ್ತಿತ್ತು. ಮೂಡಿಗೆರೆ ಕಡೆಯ ಜೀಪ್ ರಸ್ತೆಗಳನ್ನು ಬಲ್ಲವರಿಗೆ ಆ ಶಬ್ದ ಗೊತ್ತು. ಕೇಳಿದರೆ ಹಲ್ಲು ಜುಂ ಎನ್ನುತ್ತದೆ.

ಪೇಟೆಯ ಗ್ಯಾರೇಜೊಂದರಲ್ಲಿ ಅಲ್ಯುಮಿನಿಯಂ ದಿಂಡುಗಳನ್ನು ತೋರಿಸಿದರು. ಸ್ಪೇಸರ್ ಎನ್ನುವುದು ಅದಕ್ಕೇ. ಮೂವತ್ತು ಮಿಲಿಮೀಟರ್ ದಪ್ಪ, ಕಪ್ಪು ಬಣ್ಣ, ನೋಡಲು ಚೆನ್ನಾಗಿತ್ತು. ಶಾಕ್ ಅಬ್ಸಾರ್ಬರ್ ಮತ್ತು ಕಾಯಿಲ್ ಸ್ಪ್ರಿಂಗ್ ಒಟ್ಟಾಗಿ ಕೂರುವ ಮೇಲ್ತುದಿಯಲ್ಲಿ, ಗಾಡಿಯ ಚೌಕಟ್ಟಾದ ಚಾಸಿಗೂ ಅದಕ್ಕೂ ನಡುವೆ ಇದನ್ನು ಇಡುತ್ತಾರೆ. ಮೂವತ್ತು ಮಿಲಿಮೀಟರ್ ಎಂದರೆ ಒಂದು ಇಂಚು ಚಿಲ್ಲರೆ, ಅಷ್ಟಕ್ಕೆ ಏನಾಗುತ್ತದೆ ಎಂದುಕೊಂಡೆ. ಇಲ್ಲಿಯೇ ನಾನು ಎಡವಿದ್ದು. ಶಾಕ್‌ನ ಬುಡ ಚಕ್ರದ ಹತ್ತಿರ ಇರುವುದಿಲ್ಲ, ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳಿನ ನಡುಭಾಗದಲ್ಲಿರುತ್ತದೆ. ಬಾಗಿಲಿನ ಕದದ ಹಾಗೆ, ನಡುವೆ ಒಂದು ಗೇಣು ಆಡಿದರೆ ತುದಿ ಎರಡು ಗೇಣು ಆಡುತ್ತದೆ. ಮೂವತ್ತರ ದಿಂಡು ಹಾಕಿದ್ದಕ್ಕೆ ಮೂಗು ಐವತ್ತೈದು ಮಿಲಿಮೀಟರ್ ಎದ್ದು ನಿಂತಿತು. ಹಾಕಿದವರಿಗೇ ಈ ಲೆಕ್ಕ ತಿಳಿದಿರಲಿಲ್ಲ. "ನೋಡಿ ಸಾರ್, ಕೇಳಿದ್ದಕ್ಕಿಂತ ಜಾಸ್ತಿಯೇ ಬಂದಿದೆ" ಎಂದು ಕೊಸರು ಹಾಕಿಕೊಟ್ಟವರಂತೆ ನಕ್ಕರು. ನಾನೂ ನಕ್ಕು ಫೋಟೋ ತೆಗೆಸಿಕೊಂಡೆ.

ಮೊದಲ ವಾರ ಚೆನ್ನಾಗಿತ್ತು. ಮೋರಿ ಕೆರೆಯಲಿಲ್ಲ. ಎರಡನೇ ವಾರ ಚಾರ್ಮಾಡಿ ಘಾಟಿ ಇಳಿಯಬೇಕಾಯಿತು. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರಬೇಕು. ಬರಲಿಲ್ಲ, ನಾನೇ ಎಳೆದು ತರಬೇಕಾಯಿತು. ನೇರ ರಸ್ತೆಯಲ್ಲಿ ಗಾಡಿ ಅತ್ತ ಇತ್ತ ಸವರಿಕೊಂಡು ಹೋಗುತ್ತಿತ್ತು. ಮೂಗು ಎತ್ತಿದಾಗ ಕ್ಯಾಸ್ಟರ್ ಎಂಬ ಕೋನ ಕಡಿಮೆಯಾಗುತ್ತದೆ. ಚಕ್ರವನ್ನು ನೇರಕ್ಕೆ ತರುವುದೇ ಅದು, ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುತ್ತದಲ್ಲ, ಹಾಗೆ. ದಿಂಡು ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದ್ದೆನಲ್ಲ ಎಂದು ರಸೀದಿ ಹುಡುಕಿದರೆ, ಸರಿ ಮಾಡಿದ್ದು ಟೋ ಒಂದನ್ನೇ, ಅಂದರೆ ಚಕ್ರಗಳ ಮುಂದುಗಡೆ ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು. ಕ್ಯಾಸ್ಟರನ್ನೂ, ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನವಾದ ಕ್ಯಾಂಬರನ್ನೂ ಮುಟ್ಟಿಯೇ ಇರಲಿಲ್ಲ. ಅಂದಿನಿಂದ ಮೂರೂ ಅಂಕಿಗಳಿರುವ, ಮಾಡುವ ಮೊದಲು ಮತ್ತು ಮಾಡಿದ ನಂತರದ ಹಾಳೆಯನ್ನು ಕೈಗೆ ಕೊಡದಿದ್ದರೆ ನಾನು ದುಡ್ಡು ಕೊಡುವುದಿಲ್ಲ. ಈ ಒಂದು ವಿಷಯದಲ್ಲಿ ಜಗಳಗಂಟ ಎನಿಸಿಕೊಂಡಿದ್ದೇನೆ, ಬೇಸರವಿಲ್ಲ.

ಆಮೇಲೆ ಕೊಯ್ಲು ಬಂತು. ಸಂಜೆ ಆರು ಮೂಟೆ ಹೇರಿ ಹೊರಟರೆ ಹಿಂಭಾಗ ಕುಸಿಯಿತು, ಮೂಗು ಆಕಾಶ ನೋಡಿತು. ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಸಿಲ್ವರ್ ಓಕ್ ಮರಗಳ ತಲೆಗೆ ಬೀಳುತ್ತಿತ್ತು. ಡ್ಯಾಶ್‌ಬೋರ್ಡಿನ ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಎದುರಿನವರು ಬೈಯುವುದು ನಿಲ್ಲಲಿಲ್ಲ. ಅಪ್ಪನ ಕಾಲದಿಂದ ನಮ್ಮಲ್ಲಿರುವ ಡ್ರೈವರ್ ಕಣದ ಅಂಚಿನಲ್ಲಿ ನಿಂತು ಒಂದು ಸುತ್ತು ನೋಡಿದವರು, "ಅಯ್ಯಾ, ನಾಯಿ ಕುಂಡೆಯೂರಿ ಕುಳಿತ ಹಾಗಿದೆ" ಎಂದರು. ಅಷ್ಟೇ ಹೇಳಿ ಹೋದರು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಕೊನೆಗೆ ಇಳಿಸುವಂತೆ ಮಾಡಿದ್ದು ಗ್ರೀಸು. ಒಂದು ಬೆಳಿಗ್ಗೆ ಟೈರು ನೋಡಲು ಬಗ್ಗಿದರೆ ಎಡ ಚಕ್ರದ ಒಳಮೈಯಲ್ಲಿ ಕಪ್ಪು ಸಿಡಿತ. ಬೆರಳಲ್ಲಿ ತೆಗೆದು ಉಜ್ಜಿದರೆ ನುಣುಪಿನ ನಡುವೆ ಮರಳು ಚುಚ್ಚಿತು. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಒಯ್ಯುವ ಆಕ್ಸಲ್ಲಿನ ತುದಿಯಲ್ಲಿ ಸಿವಿ ಜಾಯಿಂಟ್ ಇರುತ್ತದೆ, ಓರೆಯಾದರೂ ತಿರುಗುವ ಕೀಲು. ಅದರ ಮೇಲೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಚೀಲ. ಮೂಗು ಎತ್ತರವಾದಷ್ಟೂ ಆಕ್ಸಲ್ ಕೆಳಮುಖವಾಗಿ ಓರೆಯಾಗುತ್ತದೆ. ಮಡಿಕೆಗಳು ಒಂದು ಬದಿಯಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಹರಿಯುತ್ತವೆ. ಚಕ್ರ ಗುಂಡಿಗೆ ಇಳಿದಾಗಲಂತೂ ಕಾರ್ಖಾನೆಯ ಲೆಕ್ಕ ಮೀರಿ ಜೋತುಬೀಳುತ್ತದೆ. ನನ್ನ ಗಾಡಿಯಲ್ಲಿ ಮೇಲಿನ ತೋಳು ಸ್ಪ್ರಿಂಗಿಗೆ ತಾಗಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ದೊಡ್ಡ ಹಂಪುಗಳಲ್ಲಿ ಕೇಳುತ್ತಿದ್ದ ಠಣ್ ಶಬ್ದದ ಮೂಲ ಆಗ ತಿಳಿಯಿತು.

ಇದಕ್ಕೂ ಪೇಟೆಯಲ್ಲಿ ಮದ್ದಿದೆ. ಎಂಜಿನ್ನಿನ ಬಲವನ್ನು ಎರಡೂ ಬದಿಯ ಚಕ್ರಗಳಿಗೆ ಹಂಚುವ ಮುಂದಿನ ಡಿಫರೆನ್ಷಿಯಲ್ಲನ್ನೇ ಕೆಳಗಿಳಿಸುವ ಕಿಟ್! ಗಾಡಿಯ ಅಡಿಯಲ್ಲಿ ಜಾಗ ಬೇಕೆಂದು ಮೂಗು ಎತ್ತುವುದು, ಎತ್ತಿದ್ದಕ್ಕೆ ಆಕ್ಸಲ್ ಓರೆಯಾಯಿತೆಂದು ಆ ಜಾಗಕ್ಕೇ ಡಿಫರೆನ್ಷಿಯಲ್ ಇಳಿಸುವುದು. ನಾನು ಬೇಡವೆಂದೆ.

ಇನ್ನೊಂದು ಮಾತು, ಇದನ್ನು ಯಾರೂ ಮಾರುವಾಗ ಹೇಳುವುದಿಲ್ಲ. ತೋಟದ ದಾರಿಯಲ್ಲಿ ಕಲ್ಲಿಗೆ ಬಡಿಯುವುದು ಹಿಂದಿನ ಡಿಫರೆನ್ಷಿಯಲ್‌ನ ದುಂಡು. ಅದು ಆಕ್ಸಲ್ಲಿನಲ್ಲೇ ಇದೆ, ಆಕ್ಸಲ್ ಚಕ್ರದಲ್ಲಿದೆ. ಮೂಗು ಒಂದು ಅಡಿ ಎತ್ತಿಸಿದರೂ ಅದು ಒಂದು ಕೂದಲಿನಷ್ಟೂ ಏಳುವುದಿಲ್ಲ. ಏಳಬೇಕಾದರೆ ಟೈರು ದೊಡ್ಡದಾಗಬೇಕು. ಮೂಗು ಎತ್ತಿದ್ದರಿಂದ ಸಿಗುವುದು ಏರಿನ ಬುಡದಲ್ಲಿ, ಕೊರಕಲಿನ ಅಂಚಿನಲ್ಲಿ ಮುಂಭಾಗ ತಾಗದೆ ನುಗ್ಗುವ ಕೋನ, ಜೊತೆಗೆ ಎಂಜಿನ್ನಿನ ಅಡಿಯಲ್ಲಿ ಸ್ವಲ್ಪ ಜಾಗ. ನನಗೆ ಬೇಕಾಗಿದ್ದೂ ಅದೇ, ಆದರೆ ಅದಕ್ಕೆ ಐವತ್ತೈದು ಮಿಲಿಮೀಟರ್ ಬೇಕಿರಲಿಲ್ಲ.

ಎಷ್ಟು ಬೇಕಿತ್ತು ಎಂದು ಅಳೆದದ್ದು ದಿಂಡು ತೆಗೆಸಿದ ಮೇಲೆ. ಗಾರೆ ಮೇಸ್ತ್ರಿಯ ಹತ್ತಿರ ರಸಮಟ್ಟ ಇಸಿದುಕೊಂಡು ಬಂದು, ಸಿಮೆಂಟಿನ ಕಣದಲ್ಲಿ ಗಾಡಿ ನಿಲ್ಲಿಸಿ, ಬಾಗಿಲಿನ ಹೊಸ್ತಿಲ ಮೇಲೆ ಇಟ್ಟೆ. ಟೇಪಿನಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದರೆ ಹಿಂದು ಮುಂದಿನ ವ್ಯತ್ಯಾಸ ಐವತ್ತು ಮಿಲಿಮೀಟರ್. ಆಗ ಕಣ್ಣಿಗೆ ಬಿದ್ದದ್ದು ಮೂಗಿನ ಮೇಲೆ ನಾನೇ ಹಿಂದೆ ಹಾಕಿಸಿದ್ದ ಕಬ್ಬಿಣದ ಗಾರ್ಡು. ನಲವತ್ತೈದು ಕೆ.ಜಿ., ಅದೂ ಮುಂದಿನ ಚಕ್ರಕ್ಕಿಂತ ಮುಂದೆ ನೇತಾಡುವ ಭಾರ. ಇಂಥ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು, ನಾನು ಕಂಡೂ ಕಾಣದಂತಿದ್ದೆ. ಬಿಚ್ಚಿ ಪಕ್ಕಕ್ಕಿಟ್ಟು ಮತ್ತೆ ಟೇಪು ಹಿಡಿದೆ. ಒಂದು ಕಾಸು ಖರ್ಚಿಲ್ಲದೆ ಮೂಗು ಹತ್ತು ಮಿಲಿಮೀಟರ್ ಎದ್ದಿತ್ತು.

ಉಳಿದದ್ದಕ್ಕೆ ಒಂದಕ್ಕೊಂದು ಹೊಂದುವಂತೆ ಮಾಡಿದ ಸ್ಪ್ರಿಂಗ್ ಮತ್ತು ಶಾಕ್ ಜೋಡಿ ಹಾಕಿಸಿದೆ. ಚಕ್ರದ ಬಳಿ ಇಪ್ಪತ್ತೈದು ಮಿಲಿಮೀಟರ್, ಅಷ್ಟೇ. ದಿಂಡಿನ ಹತ್ತು ಪಟ್ಟು ಬೆಲೆ. ಆದರೆ ಅಲೈನ್‌ಮೆಂಟ್ ಹಾಳೆಯಲ್ಲಿ ಮೂರೂ ಅಂಕಿಗಳು ಮಿತಿಯೊಳಗೆ ಕೂತವು. ಆಕ್ಸಲ್ ಓರೆ ಕಡಿಮೆ. ಮೋರಿ ಕೆರೆಯುವುದಿಲ್ಲ, ಹಾರೆ ಹಿಡಿದು ಆ ದಡವನ್ನೂ ಒಂದಿಷ್ಟು ಸವರಿಸಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಸ್ಪ್ರಿಂಗ್ ಬದಲಿಸುವ ಕೆಲಸವನ್ನು ಮಾತ್ರ ಯಾರೂ ಮನೆಯಂಗಳದಲ್ಲಿ ಮಾಡಬೇಡಿ. ಬಿಗಿದ ಸ್ಪ್ರಿಂಗ್ ಕೈತಪ್ಪಿ ಚಿಮ್ಮಿದರೆ ಮುಖ ಉಳಿಯುವುದಿಲ್ಲ.

ಕಾನೂನನ್ನೂ ಒಮ್ಮೆ ನೋಡಿಕೋ ಹುಡುಗಾ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮ ಮೀರಿದ ಪ್ರತಿ ಬದಲಾವಣೆಗೆ ಮಾಲೀಕನ ಮೇಲೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಬಂತು. ವಿಮೆಯವರಿಗೂ ಮೊದಲೇ ತಿಳಿಸುವುದು ಒಳ್ಳೆಯದು.

ಈಗಲೂ ನನ್ನ ಗಾಡಿಯ ಹಿಂಭಾಗ ಹದಿನೈದು ಮಿಲಿಮೀಟರ್ ಎತ್ತರವೇ ಇದೆ. ಎರಡು ಮೂಟೆ ಹೇರಿದರೆ ರಸಮಟ್ಟದ ಗುಳ್ಳೆ ನಡುವೆ ನಿಲ್ಲುತ್ತದೆ. ಮೊನ್ನೆ ಅಳಿಯ ಬಂದಿದ್ದವನು ಸುತ್ತು ಹಾಕಿ ನೋಡಿ, "ಇನ್ನೂ ಮೂಗು ತಗ್ಗಿದೆ ಮಾವ" ಎಂದ. ಆಮೇಲೆ ಮೆಲ್ಲಗೆ, "ಆ ಹಳೆಯ ದಿಂಡುಗಳು ಇದ್ದರೆ ನನಗೆ ಕೊಡಿ" ಎಂದ. ಕೊಡಲಿಲ್ಲ. ಗೋದಾಮಿನ ತೂಕದ ಯಂತ್ರದ ಒಂದು ಬದಿ ತಗ್ಗಿತ್ತು, ಎರಡನ್ನೂ ಅದರ ಕಾಲಡಿಗೆ ಕೊಟ್ಟಿದ್ದೇನೆ.