ಲೂಸಿ ಭಾಷ್ಯ

ಇಂಗ್ಲೆಂಡಿನ ವೇಬ್ರಿಜ್ ಎಂಬ ಊರಿನಲ್ಲಿ ಮೂರು-ನಾಲ್ಕು ವರ್ಷದ ಹುಡುಗನೊಬ್ಬ ಶಿಶುವಿಹಾರದಲ್ಲಿ ತನ್ನ ಜೊತೆ ಕೂರುತ್ತಿದ್ದ ಹುಡುಗಿಯ ಚಿತ್ರವನ್ನು ಬಿಡಿಸಿ, ಸುತ್ತಲೂ ನಕ್ಷತ್ರಗಳಂಥವನ್ನು ಗೀಚಿ, ಮನೆಗೆ ತಂದು ಅಪ್ಪನ ಮುಂದೆ ಹಿಡಿದ. ಇದೇನೆಂದು ಅಪ್ಪ ಕೇಳಿದ್ದಕ್ಕೆ, ಲೂಸಿ ವಜ್ರಗಳ ಜೊತೆ ಆಕಾಶದಲ್ಲಿದ್ದಾಳೆ ಎಂದು ಉತ್ತರಿಸಿದ. ಇಂಥ ಚಿತ್ರಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಒಂದು ವಾರ ಗೋಡೆಯ ಮೇಲಿದ್ದು ಆಮೇಲೆ ರದ್ದಿಗೆ ಹೋಗುತ್ತವೆ. ಆದರೆ ಈ ಅಪ್ಪನ ಹೆಸರು ಜಾನ್ ಲೆನನ್ ಎಂದಾಗಿದ್ದುದರಿಂದ, ಮಗ ಜೂಲಿಯನ್‌ನ ಮಾತು ಬೀಟಲ್ಸ್ ತಂಡದ ಹಾಡೊಂದರ ಶೀರ್ಷಿಕೆಯಾಗಿ 1967ರಲ್ಲಿ ‘ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್’ ಎಂದು ಹೊರಬಂದಿತು. ಭಾಷ್ಯಕಾರರು ಅಲ್ಲಿಂದ ಇಲ್ಲಿಯವರೆಗೆ ಬಿಡುವನ್ನೇ ಕಂಡಿಲ್ಲ.

ಶೀರ್ಷಿಕೆಯಲ್ಲಿ ಆರು ಪದಗಳಿವೆ. ಅಭಿಮಾನಿಗಳು ಅವುಗಳಲ್ಲಿ ಮೂರನ್ನು ಕೈಬಿಟ್ಟು, ಉಳಿದ ಮೂರರ ಮೊದಲ ಅಕ್ಷರಗಳನ್ನು ಜೋಡಿಸಿ, ಎಲ್‌ಎಸ್‌ಡಿ ಎಂಬ ಮಾದಕವಸ್ತುವನ್ನು ಹೊರತೆಗೆದರು. ಅರ್ಧದಷ್ಟು ಪದಗಳನ್ನು ಎಸೆಯುವ ಸ್ವಾತಂತ್ರ್ಯವಿದ್ದರೆ ಯಾವ ಶೀರ್ಷಿಕೆಯಿಂದ ಏನನ್ನು ತಾನೆ ಹೊರತೆಗೆಯಲಾಗದು ಎಂದು ಯಾರೂ ಕೇಳಲಿಲ್ಲ. ಇನ್ನೊಂದು ಸಂಗತಿಯಿದೆ. 1971ರ ಫೆಬ್ರುವರಿಯಲ್ಲಿ ದಶಮಾಂಶ ಪದ್ಧತಿ ಜಾರಿಗೆ ಬರುವವರೆಗೆ ಬ್ರಿಟನ್ನಿನ ಅಂಗಡಿಯವರೆಲ್ಲ ಪೌಂಡು, ಶಿಲ್ಲಿಂಗು, ಪೆನ್ಸುಗಳ ಲೆಕ್ಕವನ್ನು, ಅವುಗಳ ಲ್ಯಾಟಿನ್ ಹೆಸರುಗಳ ಮೊದಲಕ್ಷರಗಳಾದ ಇದೇ ಮೂರು ಅಕ್ಷರಗಳಲ್ಲಿ ಗುರುತಿಸುತ್ತಿದ್ದರು; ನಮ್ಮ ರೂಪಾಯಿ-ಆಣೆ-ಪೈಗಳ ಹಾಗೆ ಅದು ಅಲ್ಲಿನ ಜಮಾಖರ್ಚಿನ ಭಾಷೆಯಾಗಿತ್ತು. ಹೀಗಿದ್ದೂ ಈ ಹಾಡು ದಿನಸಿ ಅಂಗಡಿಯ ಸಾಲದ ಲೆಕ್ಕವನ್ನು ಕುರಿತದ್ದೆಂದು ವಾದಿಸಿದವರ ಸುದ್ದಿ ನನ್ನ ಕಿವಿಗಂತೂ ಬಿದ್ದಿಲ್ಲ. ಗೂಢಾರ್ಥಕ್ಕೂ ಒಂದು ಅಂತಸ್ತು ಬೇಕಷ್ಟೆ. ಕಿರಾಣಿ ಲೆಕ್ಕದಲ್ಲಿ ಅದು ಎಲ್ಲಿಂದ ಬರಬೇಕು?

ಅದು ಮಗನ ಚಿತ್ರದ ಹೆಸರೆಂದು ಲೆನನ್ ಆಗಲೇ ಹೇಳಿದ್ದ, 1980ರಲ್ಲಿ ಸಾಯುವ ಮುನ್ನವೂ ಹೇಳಿದ. ಭಾಷ್ಯಶಾಸ್ತ್ರದಲ್ಲಿ ಇದಕ್ಕೆ ಒಂದು ನಿಯಮವುಂಟು: ಕರ್ತೃ ಒಪ್ಪಿಕೊಂಡರೆ ಅದು ಪ್ರಮಾಣ, ನಿರಾಕರಿಸಿದರೆ ಅದು ಇನ್ನೂ ದೊಡ್ಡ ಪ್ರಮಾಣ, ಏಕೆಂದರೆ ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಆತ ನಿರಾಕರಿಸುವುದಾದರೂ ಏಕೆ? ಬೀಟಲ್ಸ್ ತಂಡದವರು ಆ ಕಾಲದಲ್ಲಿ ಎಲ್‌ಎಸ್‌ಡಿ ಸೇವಿಸುತ್ತಿದ್ದುದು ಸುಳ್ಳಲ್ಲ. ಪಾಲ್ ಮೆಕಾರ್ಟ್ನಿ ಅದನ್ನು 1967ರಲ್ಲಿ ಟಿವಿ ಕ್ಯಾಮೆರಾದ ಮುಂದೆಯೇ ಒಪ್ಪಿಕೊಂಡಿದ್ದ. ಸೇವನೆಯನ್ನು ಹೀಗೆ ಬಹಿರಂಗವಾಗಿ ಒಪ್ಪಿಕೊಳ್ಳುವವರು ಶೀರ್ಷಿಕೆಯ ಮೊದಲಕ್ಷರಗಳಲ್ಲಿ ಮಾತ್ರ ಅದನ್ನು ಅಡಗಿಸಿಡುತ್ತಾರೆಂದು ನಂಬುವುದಕ್ಕೆ ವಿಶೇಷವಾದ ಶ್ರದ್ಧೆ ಬೇಕು. ಆ ಶ್ರದ್ಧೆ ಅಭಿಮಾನಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಲೂಸಿಯ ಹಾಡಿದ್ದ ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಮಾದಕವಸ್ತುವಿನ ವಾಸನೆ ಬಡಿದು ಬಿಬಿಸಿ ಅದರ ಪ್ರಸಾರವನ್ನೇ ನಿಲ್ಲಿಸಿತ್ತು.

ಅದೇ ವರ್ಷ ಲೆನನ್‌ಗೆ ಒಂದು ಪತ್ರ ಬಂದಿತು. ಆತ ಹಿಂದೆ ಓದಿದ್ದ ಲಿವರ್‌ಪೂಲಿನ ಕ್ವಾರಿ ಬ್ಯಾಂಕ್ ಶಾಲೆಯ ಹುಡುಗನೊಬ್ಬ, ತಮ್ಮ ಮೇಷ್ಟ್ರು ತರಗತಿಯಲ್ಲಿ ಬೀಟಲ್ಸ್ ಹಾಡುಗಳಿಗೆ ಅರ್ಥ ಬರೆಸುತ್ತಿದ್ದಾರೆಂದು ತಿಳಿಸಿದ್ದ. ಸಂದರ್ಭಸಹಿತ ವಿವರಿಸಿ ಎಂಬ ಪ್ರಶ್ನೆಗೆ ಎಂದಾದರೂ ಉತ್ತರ ಬರೆದವರಿಗೆ ಆ ಹುಡುಗನ ಸಂಕಟ ಅರ್ಥವಾಗುತ್ತದೆ. ಪತ್ರವನ್ನು ಓದಿ ನಕ್ಕ ಲೆನನ್, ಯಾವ ಸಾಲಿಗೂ ಅರ್ಥ ಹತ್ತದಂಥ ಹಾಡೊಂದನ್ನು ಬೇಕೆಂದೇ ಹೊಸೆದು, ಬಿಡಿಸಿಕೊಳ್ಳಲಿ ನೋಡೋಣ ಎಂಬ ಭಾವದ ಬೈಗುಳವೊಂದನ್ನು ಉದುರಿಸಿದನೆಂದು ಆತನ ಬಾಲ್ಯದ ಗೆಳೆಯ ಪೀಟ್ ಶಾಟನ್ ದಾಖಲಿಸಿದ್ದಾನೆ. ಆ ಹಾಡಿನ ಶೀರ್ಷಿಕೆ ‘ಐ ಆಮ್ ದ ವಾಲ್ರಸ್’. ಕೋರೆಹಲ್ಲಿನ ಆ ಕಡಲಪ್ರಾಣಿಯನ್ನು ಲೆನನ್ ಲೂಯಿಸ್ ಕ್ಯಾರೊಲ್‌ನ 1871ರ ಪುಸ್ತಕದ ಪದ್ಯವೊಂದರಿಂದ ಎತ್ತಿಕೊಂಡಿದ್ದ. ಪದ್ಯದಲ್ಲಿ ಒಂದು ವಾಲ್ರಸ್ಸೂ ಒಬ್ಬ ಬಡಗಿಯೂ ಸೇರಿ ಸಿಂಪಿಗಳನ್ನು ವಾಯುವಿಹಾರಕ್ಕೆಂದು ಕರೆದೊಯ್ದು ತಿಂದುಬಿಡುತ್ತಾರೆ. ವಾಲ್ರಸ್ಸೇ ಅಲ್ಲಿಯ ಖಳನೆಂಬುದು ತನಗೆ ತಿಳಿದದ್ದು ಬಹಳ ತಡವಾಗಿ, ಬಡಗಿಯ ಹೆಸರನ್ನೇ ಇಡಬೇಕಿತ್ತು ಎಂದು ಲೆನನ್ ಮುಂದೊಮ್ಮೆ ಹೇಳಿಕೊಂಡ. ಶೀರ್ಷಿಕೆಯ ಅರ್ಥಕ್ಕಾಗಿ ಲೋಕವೆಲ್ಲ ನಿದ್ದೆಗೆಟ್ಟಿದ್ದಾಗ, ಅದನ್ನಿಟ್ಟವನು ಮೂಲಪದ್ಯವನ್ನೂ ಸರಿಯಾಗಿ ಗಮನಿಸಿರಲಿಲ್ಲ.

ಅರ್ಥವಿಲ್ಲವೆಂದು ಕರ್ತೃವೇ ಘೋಷಿಸಿದ ಹಾಡಿಗಿಂತ ಫಲವತ್ತಾದ ಭೂಮಿ ಭಾಷ್ಯಕಾರರಿಗೆ ಬೇರೆ ಸಿಕ್ಕೀತೆ? ಇವರ ಕಾಟವನ್ನು ತಾಳಲಾರದೆ ಲೆನನ್ 1968ರಲ್ಲಿ ‘ಗ್ಲಾಸ್ ಆನಿಯನ್’ ಎಂಬ ಹಾಡನ್ನು ಬರೆದು, ಆ ವಾಲ್ರಸ್ ಬೇರಾರೂ ಅಲ್ಲ, ಪಾಲ್ ಎಂದು ಅದರಲ್ಲಿ ಚೇಷ್ಟೆ ಮಾಡಿದ. ಶೀರ್ಷಿಕೆಯೇ ಗಾಜಿನ ಈರುಳ್ಳಿ: ಸಿಪ್ಪೆ ಸುಲಿಯುವ ಅಗತ್ಯವೇ ಇಲ್ಲ, ಒಳಗೇನೂ ಇಲ್ಲವೆಂಬುದು ಹೊರಗಿನಿಂದಲೇ ಕಾಣುತ್ತದೆ. ಅಭಿಮಾನಿಗಳು ಅದನ್ನೂ ಸುಲಿದರು. 1969ರ ಶರತ್ಕಾಲದಲ್ಲಿ ಅಮೆರಿಕದ ಕಾಲೇಜು ಪತ್ರಿಕೆಗಳಲ್ಲಿಯೂ ಡೆಟ್ರಾಯ್ಟಿನ ರೇಡಿಯೊದಲ್ಲಿಯೂ ಒಂದು ಸಿದ್ಧಾಂತ ಹಬ್ಬಿತು: ಪಾಲ್ 1966ರಲ್ಲೇ ಕಾರು ಅಪಘಾತದಲ್ಲಿ ಸತ್ತಿದ್ದಾನೆ, ಈಗ ಹಾಡುತ್ತಿರುವವನು ಆತನನ್ನು ಹೋಲುವ ಬದಲಿಯಾಳು. ಹಾಗಾದರೆ ವಾಲ್ರಸ್ ಎಂದರೇನು? ಗ್ರೀಕ್ ಭಾಷೆಯಲ್ಲಿ ಹೆಣ ಎಂದು ಅರ್ಥ ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಹಾಗೊಂದು ಪದವಿಲ್ಲ, ಆ ಪದ ಇಂಗ್ಲಿಷಿಗೆ ಡಚ್ಚಿನಿಂದ ಬಂದದ್ದು ಎಂಬ ಆಕ್ಷೇಪವನ್ನು ನಿಘಂಟು ತೆರೆದ ಯಾರಾದರೂ ಎತ್ತಬಹುದಿತ್ತು. ಆದರೆ ನಿಘಂಟು ತೆರೆಯುವ ಅಭ್ಯಾಸವಿದ್ದವರು ಈ ವ್ಯವಹಾರಕ್ಕೆ ಇಳಿಯುವುದು ಕಡಿಮೆ.

ಆ ಸೆಪ್ಟೆಂಬರಿನಲ್ಲಿ ಬಂದಿದ್ದ ‘ಅಬಿ ರೋಡ್’ ಆಲ್ಬಮ್ಮಿನ ಹೊದಿಕೆಯಲ್ಲಿ ರಸ್ತೆ ಬದಿಗೆ ಒಂದು ಕಾರು ನಿಂತಿದೆ. ಅದರ ನಂಬರ್ ಪ್ಲೇಟಿನ ಕೊನೆಯಲ್ಲಿರುವುದು 281 ಎಂಬ ಅಂಕಿ ಮತ್ತು ಎಫ್ ಅಕ್ಷರ. ಕೊನೆಯ 1 ಅನ್ನು ಐ ಅಕ್ಷರವೆಂದು ಓದಿಕೊಂಡರೆ ‘28 ಇಫ್’ ಎಂದಾಗುತ್ತದೆ. ಎಂದರೆ, ಬದುಕಿದ್ದರೆ ಪಾಲ್‌ಗೆ ಈಗ 28. ದುರದೃಷ್ಟವಶಾತ್ 1942ರ ಜೂನಿನಲ್ಲಿ ಹುಟ್ಟಿದ ಪಾಲ್‌ಗೆ ಆಗ 27 ವರ್ಷ. ಇಲ್ಲಿ ಸಿದ್ಧಾಂತ ಕುಸಿಯಬೇಕಿತ್ತು, ಆದರೆ ಭಾರತ ನೆರವಿಗೆ ಬಂದಿತು: ಬೀಟಲ್ಸ್‌ನವರು ಹೃಷಿಕೇಶದಲ್ಲಿ ಧ್ಯಾನ ಕಲಿತವರು, ಭಾರತೀಯರು ಗರ್ಭದಲ್ಲಿದ್ದ ಕಾಲವನ್ನೂ ವಯಸ್ಸಿಗೆ ಸೇರಿಸುತ್ತಾರೆ, ಆದ್ದರಿಂದ 28 ಸರಿಯೇ. ಗರ್ಭಾಷ್ಟಮದಲ್ಲಿ ಉಪನಯನ ಮಾಡುವ ಪದ್ಧತಿ ನಮ್ಮಲ್ಲಿ ಇದ್ದದ್ದು ನಿಜ. ಆದರೆ ಆ ಲೆಕ್ಕವನ್ನು ಲಂಡನ್ನಿನ ಕಾರಿನ ನಂಬರಿಗೆ ಹಚ್ಚಬಹುದೆಂಬುದು ನಮ್ಮ ಯಾವ ಪುರೋಹಿತರಿಗೂ ಹೊಳೆದಿರಲಿಲ್ಲ. ಕಡೆಗೆ ‘ಲೈಫ್’ ಪತ್ರಿಕೆಯವರು ಸ್ಕಾಟ್‌ಲೆಂಡಿನ ತೋಟಕ್ಕೇ ಹೋಗಿ, ಹೆಂಡತಿ ಮಕ್ಕಳೊಂದಿಗೆ ನಿಂತ ಪಾಲ್‌ನ ಚಿತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಿದರು. ಅಭಿಮಾನಿಗಳು ಆ ಪುಟವನ್ನು ಬೆಳಕಿಗೆ ಹಿಡಿದು, ಹಿಂಬದಿಯ ಜಾಹೀರಾತಿನ ಕಾರು ಪಾಲ್‌ನ ಮೈಮೇಲೆ ಹಾದುಹೋಗುವುದನ್ನು ಕಂಡು ಕೃತಾರ್ಥರಾದರು.

ಇದೇ ಪಾಲ್ 2004ರಲ್ಲಿ ಸಂದರ್ಶನವೊಂದರಲ್ಲಿ, ಲೂಸಿಯ ಹಾಡಿನಲ್ಲಿ ಎಲ್‌ಎಸ್‌ಡಿಯ ಪ್ರಭಾವವಿರುವುದು ತಕ್ಕಮಟ್ಟಿಗೆ ಸ್ಪಷ್ಟವೇ ಎಂಬ ಅರ್ಥದ ಮಾತನ್ನಾಡಿದ. ಶೀರ್ಷಿಕೆಯ ಮೂಲ ಜೂಲಿಯನ್‌ನ ಚಿತ್ರವೆಂಬುದನ್ನು ಆತ ಎಂದೂ ಅಲ್ಲಗಳೆದವನಲ್ಲ. ಆದರೂ ಭಾಷ್ಯಕಾರರ ಪಾಳಯದಲ್ಲಿ ಹಬ್ಬವೇ ಆಯಿತು. ಹಾಡು ಬರೆದವನ ಮಾತು ಮೂರು ದಶಕಗಳಿಗೂ ಮೀರಿ ಅಪ್ರಮಾಣವಾಗಿತ್ತು. ಅವರದೇ ಇನ್ನೊಂದು ಸಿದ್ಧಾಂತದ ಪ್ರಕಾರ ಮೂವತ್ತೆಂಟು ವರ್ಷಗಳ ಹಿಂದೆ ತೀರಿಕೊಂಡಿದ್ದವನ ಸಾಕ್ಷ್ಯ ಮಾತ್ರ ತಕ್ಷಣ ಸ್ವೀಕೃತವಾಯಿತು.

ಇತ್ತ ಶೀರ್ಷಿಕೆಯನ್ನು ಇದ್ದ ಹಾಗೆಯೇ ತೆಗೆದುಕೊಂಡವರು ವಿಜ್ಞಾನಿಗಳು. 1974ರ ನವೆಂಬರಿನಲ್ಲಿ ಇಥಿಯೋಪಿಯಾದ ಹಾದಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ತಂಡಕ್ಕೆ ಸುಮಾರು 32 ಲಕ್ಷ ವರ್ಷಗಳಷ್ಟು ಹಳೆಯ ಮಾನವಪೂರ್ವಜೆಯ ಮೂಳೆಗಳು ಸಿಕ್ಕಿದಾಗ, ಅಂದಿನ ಸಂಜೆ ಬಿಡಾರದಲ್ಲಿ ಈ ಹಾಡಿನ ಟೇಪು ಓಡುತ್ತಿದ್ದುದರಿಂದ ಅವಳಿಗೆ ಲೂಸಿ ಎಂದು ಹೆಸರಾಯಿತು. ಆ ಲೂಸಿಯ ಹೆಸರನ್ನು ಹೊತ್ತ ನಾಸಾದ ನೌಕೆ 2021ರ ಅಕ್ಟೋಬರಿನಲ್ಲಿ ಗುರುಗ್ರಹದ ಕಕ್ಷೆಯ ಕ್ಷುದ್ರಗ್ರಹಗಳತ್ತ ಹೊರಟಿತು. ಅದರ ಉಪಕರಣವೊಂದರಲ್ಲಿ ವಜ್ರದ ಬಿಲ್ಲೆಯೂ ಇದೆ. ಲೂಸಿ, ಆಕಾಶ, ವಜ್ರ ಮೂರೂ ಕೂಡಿಬಂದವು, ಯಾವ ಅಕ್ಷರವನ್ನೂ ಕೈಬಿಡಬೇಕಾಗಲಿಲ್ಲ.

ಚಿತ್ರದಲ್ಲಿದ್ದ ಹುಡುಗಿ ಲೂಸಿ ಓ’ಡಾನೆಲ್ 2009ರಲ್ಲಿ, 46ನೆಯ ವಯಸ್ಸಿನಲ್ಲಿ, ಲೂಪಸ್ ಕಾಯಿಲೆಯಿಂದ ತೀರಿಕೊಂಡಳು. ಅದಕ್ಕೂ ಕೆಲವು ವರ್ಷಗಳ ಹಿಂದೆ ಬಿಬಿಸಿಯೊಂದಿಗೆ ಮಾತನಾಡುತ್ತ ಆಕೆ ತನ್ನ ಶಾಲಾದಿನಗಳ ಪ್ರಸಂಗವೊಂದನ್ನು ನೆನೆದಿದ್ದಳು. ಆ ಹಾಡಿನ ಲೂಸಿ ತಾನೇ ಎಂದು ಒಂದಿಬ್ಬರು ಗೆಳತಿಯರಿಗೆ ಬಾಯಿತಪ್ಪಿ ಹೇಳಿದಾಗ ಅವರು, ಅದು ನೀನಲ್ಲ, ಅದು ಡ್ರಗ್ಸ್ ಕುರಿತ ಹಾಡು, ನಮ್ಮ ಅಪ್ಪ-ಅಮ್ಮ ಹೇಳಿದ್ದಾರೆ ಎಂದು ತಿದ್ದಿದರು. ಎಲ್‌ಎಸ್‌ಡಿ ಎಂದರೆ ಏನೆಂದೇ ಅವಳಿಗೆ ಆಗ ಗೊತ್ತಿರಲಿಲ್ಲ. ಅವಳು ಸುಮ್ಮನಾದಳು.