ಸುಳಿ ನೋಡಿ ತಂದ ಹುಡುಗರು

ಎತ್ತು ಕೊಳ್ಳುವವರು ಸುಳಿ ನೋಡುತ್ತಾರೆ. ಹಲ್ಲು ಎಣಿಸುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಕೊನೆಗೆ ದಲ್ಲಾಳಿಯ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಾರೆ. ಮನೆಗೆ ಬಂದ ಎತ್ತು ನೊಗ ಕಂಡೊಡನೆ ಮಲಗಿಬಿಟ್ಟರೆ ತಪ್ಪು ಸುಳಿಯದೇ ಹೊರತು ನೋಡಿದವರದಲ್ಲ. ಈ ವಿದ್ಯೆಯನ್ನು ಕಲಿಯಲು ಜಾತ್ರೆಗೆ ಬರಬೇಕಿಲ್ಲ. ಅಮೆರಿಕದ ಬೇಸ್‌ಬಾಲ್ ಕ್ಲಬ್ಬುಗಳು 1965ರಿಂದ ಪ್ರತಿ ವರ್ಷವೂ ಇದನ್ನು ಟೈ ಕಟ್ಟಿಕೊಂಡು ಮಾಡುತ್ತಿವೆ.

ಅಲ್ಲಿನ ಜಾತ್ರೆಯ ಹೆಸರು ಡ್ರಾಫ್ಟ್. ಹೈಸ್ಕೂಲು ಮುಗಿಸಿದ ಅಥವಾ ಕಾಲೇಜಿನಲ್ಲಿ ಆಡುತ್ತಿರುವ ಹುಡುಗರನ್ನು ಕ್ಲಬ್ಬುಗಳು ಸರದಿಯಂತೆ ಒಬ್ಬೊಬ್ಬರಾಗಿ ಹೆಸರು ಕೂಗಿ ಎತ್ತಿಕೊಳ್ಳುತ್ತವೆ. ಯಾರು ಕೂಗಿದರೋ ಅವರ ಪಾಲಿಗೆ ಹುಡುಗ. ತನಗೆ ಯಾವ ಊರು ಬೇಕು ಎಂದು ಕೇಳುವ ಹಕ್ಕು ಅವನಿಗಿಲ್ಲ. ಬೇಡವೆಂದರೆ ಸಹಿ ಹಾಕದೆ ಮತ್ತೆ ಕಾಲೇಜಿಗೆ ಹೋಗಬಹುದು, ಅಷ್ಟೆ. ಹಿಂದಿನ ವರ್ಷ ಚೆನ್ನಾಗಿ ಸೋತವನಿಗೆ ಮೊದಲ ಸರದಿ ಎಂಬುದು 2022ರವರೆಗೆ ನಡೆದುಬಂದ ಪದ್ಧತಿ. ಆಟದಲ್ಲಿ ಕೊನೆಯ ಬೆಂಚು, ಊಟಕ್ಕೆ ಮೊದಲ ಪಂಕ್ತಿ.

ಹುಡುಗರನ್ನು ಹುಡುಕಿ ತರುವವರಿಗೆ ಸ್ಕೌಟ್ ಎನ್ನುತ್ತಾರೆ. ಚೆಂಡಿನ ವೇಗ ಅಳೆಯುವ ರೇಡಾರ್ ಗನ್ನು, ಓಟ ಅಳೆಯುವ ಗಡಿಯಾರ, ಭುಜದೊಳಗಿನ ನರ ತೋರಿಸುವ ಸ್ಕ್ಯಾನು, ಇತ್ತೀಚೆಗೆ ಕಂಪ್ಯೂಟರುಗಳ ಒಂದು ಕೋಣೆ, ಇಷ್ಟೂ ಅವರ ಬೆನ್ನಿಗಿವೆ. ಇಷ್ಟರ ಮೇಲೆ ಹಳೆಯ ಸ್ಕೌಟುಗಳು ಇನ್ನೊಂದು ಲಕ್ಷಣವನ್ನೂ ನೋಡುತ್ತಿದ್ದರು: ಮುಖ. ಹುಡುಗನಿಗೆ ‘ಒಳ್ಳೆಯ ಮುಖ’ ಇದೆ ಎಂದು ಗಂಭೀರವಾಗಿ ವರದಿ ಮಾಡುತ್ತಿದ್ದರು. ಹೆಣ್ಣು ನೋಡಲು ಹೋದವರು ಕೂಡ ಈಚೆಗೆ ಇಷ್ಟು ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲ ವರ್ಷದ ಜಾತ್ರೆಯೇ ಮುಂದಿನದಕ್ಕೆ ಮಾದರಿ ಹಾಕಿಕೊಟ್ಟಿತು. 1965ರಲ್ಲಿ ಮೊಟ್ಟಮೊದಲು ಕೂಗಿಸಿಕೊಂಡವನು ರಿಕ್ ಮಂಡೇ. ಒಳ್ಳೆಯ ಆಟಗಾರ, ಬಹಳ ವರ್ಷ ಆಡಿದ, ದೂರುವುದಕ್ಕೇನಿಲ್ಲ. ಆದರೆ ಅದೇ ವರ್ಷ ಕ್ಲಬ್ಬುಗಳೆಲ್ಲ ಹನ್ನೊಂದು ಸುತ್ತು ಹೆಸರು ಕೂಗಿ ಗಂಟಲು ಒಣಗಿಸಿಕೊಂಡ ಮೇಲೆ, ಹನ್ನೆರಡನೆಯ ಸುತ್ತಿನಲ್ಲಿ ಯಾರೋ ನೋಲನ್ ರಯಾನ್ ಎಂದರು. ಆ ಹುಡುಗ ಮುಂದೆ 5,714 ಬ್ಯಾಟ್ಸ್‌ಮನ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿ ಮನೆಗೆ ಕಳಿಸಿದ. ಆ ದಾಖಲೆಯ ಹತ್ತಿರಕ್ಕೂ ಇವತ್ತಿನವರೆಗೆ ಯಾರೂ ಹೋಗಿಲ್ಲ.

ಮರುವರ್ಷ ನ್ಯೂಯಾರ್ಕ್ ಮೆಟ್ಸ್‌ಗೆ ಮೊದಲ ಸರದಿ. ಎದುರಿಗೆ ಅರಿಜೋನಾದ ಕಾಲೇಜಿನ ರೆಗ್ಗಿ ಜಾಕ್ಸನ್ ಇದ್ದ. ಅವನನ್ನು ಬಿಟ್ಟು ಸ್ಟೀವ್ ಚಿಲ್ಕಾಟ್ ಎಂಬ ಹದಿನೇಳರ ಕ್ಯಾಚರ್ (ಬ್ಯಾಟ್ಸ್‌ಮನ್ ಹಿಂದೆ ಕುಳಿತು ಚೆಂಡು ಹಿಡಿಯುವವ) ಹುಡುಗನನ್ನು ಆರಿಸಿಕೊಂಡರು. ನಮಗೆ ಕ್ಯಾಚರ್ ಬೇಕಿತ್ತು ಎಂಬುದು ಕ್ಲಬ್ಬಿನ ವಿವರಣೆ. ತನ್ನ ಗೆಳತಿಯ ಬಣ್ಣ ಬೇರೆಯಾದದ್ದು ಅವರಿಗೆ ಹಿಡಿಸಲಿಲ್ಲ ಎಂದು ಕೋಚ್ ತನಗೆ ಹೇಳಿದ್ದಾಗಿ ಜಾಕ್ಸನ್ ಆಮೇಲೆ ಹೇಳಿಕೊಂಡ. ಕ್ಲಬ್ಬಿನವರು ಅದನ್ನು ಅಲ್ಲಗಳೆದರು. ಹೇಗೂ ಇರಲಿ. ಜಾಕ್ಸನ್ 563 ಹೋಮ್ ರನ್, ಅಂದರೆ ನಮ್ಮ ಸಿಕ್ಸರಿನಂಥ ಹೊಡೆತ, ಹೊಡೆದ. ಅದೂ ಸಾಲದೆಂಬಂತೆ ಮುಂದೆ ಅದೇ ನ್ಯೂಯಾರ್ಕಿಗೆ ಬಂದು, ಎದುರು ಮನೆಯವರಾದ ಯಾಂಕೀಸ್ ಪರವಾಗಿ ವರ್ಷದ ಕೊನೆಯ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ. ಚಿಲ್ಕಾಟ್‌ನ ಭುಜ ಮರುವರ್ಷವೇ ಮುರುಟಿತು. ಅತಿ ಮೇಲಿನ ದರ್ಜೆಯಾದ ಮೇಜರ್ ಲೀಗಿನಲ್ಲಿ ಒಂದೇ ಒಂದು ಚೆಂಡನ್ನೂ ಎದುರಿಸದೆ 1972ರ ಹೊತ್ತಿಗೆ ಅವನ ಆಟ ಮುಗಿದಿತ್ತು.

ಹುಡುಗನನ್ನು ನೋಡಿ ನಗುವುದು ಸಲ್ಲದು. ಭುಜ ಅವನದು, ನೋವು ಅವನದು. ನಗು ಬರುವುದು ಹೆಸರು ಕೂಗುವವರ ಧ್ವನಿ ಕೇಳಿದಾಗ. ಹದಿನೆಂಟರ ಹುಡುಗ ಇಪ್ಪತ್ತೆಂಟರಲ್ಲಿ ಏನಾಗುತ್ತಾನೆಂದು ಅವನ ತಾಯಿಗೂ ಗೊತ್ತಿರುವುದಿಲ್ಲ. ಇವರಿಗೆ ಮಾತ್ರ ಗೊತ್ತಿರುತ್ತದೆ.

1973ರಲ್ಲಿ ಟೆಕ್ಸಸ್ ರೇಂಜರ್ಸ್‌ಗೆ ಇನ್ನೂ ಒಳ್ಳೆಯ ಉಪಾಯ ಹೊಳೆಯಿತು. ಕ್ಲಬ್ಬು ಸೋಲುತ್ತಿತ್ತು, ಮೈದಾನ ಭಣಭಣ ಎನ್ನುತ್ತಿತ್ತು, ಮಾಲೀಕರ ಗಲ್ಲಾಪೆಟ್ಟಿಗೆಯೂ ಹಾಗೆಯೇ. ಮೊದಲ ಆಯ್ಕೆಯಾಗಿ ಸಿಕ್ಕ ಡೇವಿಡ್ ಕ್ಲೈಡ್ ಎಂಬ ಅದೇ ರಾಜ್ಯದ ಹುಡುಗ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವ. ಇಂಥವರನ್ನು ಕೆಳದರ್ಜೆಯ ಮೈನರ್ ಲೀಗಿನಲ್ಲಿ ಮೂರು ನಾಲ್ಕು ವರ್ಷ ಹದಗೊಳಿಸುವುದು ವಾಡಿಕೆ. ರೇಂಜರ್ಸ್ ಅವನನ್ನು ಹೈಸ್ಕೂಲು ಮುಗಿದು ಮೂರು ವಾರ ತುಂಬುವ ಮೊದಲೇ ದೊಡ್ಡ ಮೈದಾನದ ನಡುವೆ ನಿಲ್ಲಿಸಿತು. ಜೂನ್ 27ರ ರಾತ್ರಿ 35 ಸಾವಿರಕ್ಕೂ ಮಿಕ್ಕಿ ಜನ ಸೇರಿದರು. ಹುಡುಗ ನಡುಗುತ್ತಾ ಮೊದಲ ಇಬ್ಬರಿಗೆ ಪುಕ್ಕಟೆ ಬೇಸ್ ಕೊಟ್ಟ, ಆಮೇಲೆ ಮೂವರನ್ನು ಸ್ಟ್ರೈಕ್‌ಔಟ್ ಮಾಡಿದ, ಪಂದ್ಯವನ್ನೂ ಗೆದ್ದ. ಟಿಕೆಟ್ ಇಷ್ಟು ಚೆನ್ನಾಗಿ ಖರ್ಚಾಗುವಾಗ ಹುಡುಗನನ್ನು ಕಲಿಯಲು ಕಳಿಸುವ ಪೆದ್ದರು ಯಾರು? ಹಾಲು ಕರೆಯುವ ಹಸುವನ್ನು ಮೇಯಲು ಬಿಟ್ಟಾರೆಯೇ? ಕೆಚ್ಚಲು ಬತ್ತುವವರೆಗೂ ಕರೆದರು. ಒಟ್ಟು 18 ಗೆಲುವು, 33 ಸೋಲು. ಭುಜ ಹೋಯಿತು, ಇಪ್ಪತ್ತಾರರ ಹೊತ್ತಿಗೆ ಆಟವೇ ಮುಗಿಯಿತು. ಅದೇ ವರ್ಷದ ಪಟ್ಟಿಯಲ್ಲಿ ಮೂರನೆಯವನಾಗಿ ರಾಬಿನ್ ಯೌಂಟ್, ನಾಲ್ಕನೆಯವನಾಗಿ ಡೇವ್ ವಿನ್‌ಫೀಲ್ಡ್ ಇದ್ದರು. ಇಬ್ಬರೂ ಮೂರು ಸಾವಿರ ಹಿಟ್ ದಾಟಿ, ಬೇಸ್‌ಬಾಲಿನ ಮಹನೀಯರ ಹೆಸರು ಕೆತ್ತುವ ಹಾಲ್ ಆಫ್ ಫೇಮ್ ಸೇರಿದರು.

ಎರಡು ಸಲ ಮೊದಲ ಆಯ್ಕೆಯಾದ ಪುಣ್ಯಾತ್ಮನೂ ಒಬ್ಬನಿದ್ದಾನೆ, ಡ್ಯಾನಿ ಗುಡ್ವಿನ್. 1971ರಲ್ಲಿ ಒಲ್ಲೆನೆಂದು ಕಾಲೇಜಿಗೆ ಹೋದ, 1975ರಲ್ಲಿ ಮತ್ತೆ ಅವನನ್ನೇ ಮೊದಲು ಕೂಗಿದರು. ನಾಲ್ಕು ವರ್ಷ ಬಿಟ್ಟು ಎರಡನೆಯ ಸಲ ಸುಳಿ ನೋಡಿದಾಗಲೂ ಸುಳಿ ಶುದ್ಧವಾಗಿಯೇ ಇತ್ತು. ಇಡೀ ವೃತ್ತಿಜೀವನದಲ್ಲಿ ಹೋಮ್ ರನ್ ಹದಿಮೂರು.

ಈಗ ಹಣದ ಮಾತು. 1991ರಲ್ಲಿ ಯಾಂಕೀಸ್ ನಾರ್ತ್ ಕೆರೊಲಿನಾದ ಬ್ರಯನ್ ಟೇಲರ್ ಎಂಬ ಹೈಸ್ಕೂಲು ಹುಡುಗನಿಗೆ 15.5 ಲಕ್ಷ ಡಾಲರ್ ಕೊಟ್ಟಾಗ ಇಡೀ ಅಮೆರಿಕ ಮೂಗಿನ ಮೇಲೆ ಬೆರಳಿಟ್ಟಿತು. 1993ರ ಡಿಸೆಂಬರಿನಲ್ಲಿ ತಮ್ಮೂರಿನ ಜಗಳವೊಂದರಲ್ಲಿ ಸೋದರನ ಪರವಾಗಿ ಹೋಗಿ ಭುಜ ಹರಿದುಕೊಂಡ. ಮೇಜರ್ ಲೀಗನ್ನು ಕಾಣಲೇ ಇಲ್ಲ. ರೇಡಾರ್ ಗನ್ನು ಚೆಂಡಿನ ವೇಗ ಹೇಳುತ್ತದೆ, ಅಣ್ಣತಮ್ಮಂದಿರ ಪ್ರೀತಿಯನ್ನು ಅಳೆಯುವುದಿಲ್ಲ. 2004ರಲ್ಲಿ ಸ್ಯಾನ್ ಡಿಯೇಗೊ ಪ್ಯಾಡ್ರೆಸ್ ನಮ್ಮೂರ ಹುಡುಗ ಎಂದು ಮ್ಯಾಟ್ ಬುಶ್‌ನನ್ನು 31.5 ಲಕ್ಷಕ್ಕೆ ಮನೆತುಂಬಿಸಿಕೊಂಡಿತು. ಬುಶ್ ಮೇಜರ್ ಲೀಗಿಗೆ ಬಂದದ್ದು ಹನ್ನೆರಡು ವರ್ಷ ಕಳೆದು, ಸೆರೆಮನೆಯನ್ನು ಹಾದು, ಬೇರೆ ಕ್ಲಬ್ಬಿನ ಅಂಗಿ ತೊಟ್ಟು. ಅಂದು ಎರಡನೆಯ ಸರದಿಯವರು ಉಳಿದವನನ್ನು ತೆಗೆದುಕೊಂಡರು. ಆ ಉಳಿದವನ ಹೆಸರು ಜಸ್ಟಿನ್ ವರ್ಲ್ಯಾಂಡರ್, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಮೂರು ಸಲ.

ಇಷ್ಟಾದ ಮೇಲೆ ಬೆಲೆ ಇಳಿಯಬೇಕಿತ್ತಲ್ಲವೇ? ಮೊದಲ ಸರದಿಗೆಂದು ಗೊತ್ತುಮಾಡಿದ ಮೊತ್ತ ಈಗ ಒಂದು ಕೋಟಿ ಡಾಲರ್ ದಾಟಿದೆ. ಆ ಮೊತ್ತ ಏರುತ್ತಿದ್ದ ಹೊತ್ತಿನಲ್ಲೇ ಹತ್ತನೆಯ ಹದಿನೈದನೆಯ ಸುತ್ತಿನ ಹುಡುಗರು ಮೈನರ್ ಲೀಗಿನ ಬಸ್ಸುಗಳಲ್ಲಿ ನಿದ್ದೆ ಮಾಡಿ ಬದುಕುತ್ತಿದ್ದರು. ಅವರಿಗೆ ಓವರ್‌ಟೈಮ್ ಕೊಡಬೇಕಿಲ್ಲ ಎಂದು 2018ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನನ್ನೇ ಮಾಡಿತು. ಅದಕ್ಕಿಟ್ಟ ಹೆಸರಿನ ಅರ್ಥ, ‘ಅಮೆರಿಕದ ಆಟವನ್ನು ಉಳಿಸುವ ಕಾಯ್ದೆ’. ಹೆಸರಿಡುವ ಕಲೆಯಲ್ಲಿ ನಮ್ಮವರೇ ಮುಂದೆ ಎಂಬ ನನ್ನ ಹೆಮ್ಮೆ ಅಂದಿಗೆ ಇಳಿಯಿತು.

ಹಾಗಾದರೆ ಕ್ರಮಾಂಕಕ್ಕೆ ಬೆಲೆಯೇ ಇಲ್ಲವೇ ಎಂದು ಲೆಕ್ಕ ಬಲ್ಲವರು ಕೇಳುತ್ತಾರೆ. ಇದೆ. ಸರಾಸರಿ ತೆಗೆದರೆ ಮೊದಲು ಕೂಗಿಸಿಕೊಂಡವರೇ ಮೇಲು, ಕೆಳಗಿಳಿದಂತೆ ಜೊಳ್ಳು ಹೆಚ್ಚು. ಕೆನ್ ಗ್ರಿಫಿ ಜೂನಿಯರ್, ಚಿಪ್ಪರ್ ಜೋನ್ಸ್, ಅಲೆಕ್ಸ್ ರೊಡ್ರಿಗಸ್ ಎಲ್ಲ ಮೊದಲ ಸರದಿಯವರೇ. ತಕರಾರು ಸರಾಸರಿಯ ಮೇಲಲ್ಲ. ಸರಾಸರಿಯನ್ನು ತೋರಿಸಿ ಭವಿಷ್ಯವಾಣಿಯನ್ನು ಮಾರುವುದರ ಮೇಲೆ. ಚಿಪ್ಪರ್ ಜೋನ್ಸ್‌ನ ಕಥೆಯನ್ನೇ ನೋಡಿ. 1990ರಲ್ಲಿ ಅಟ್ಲಾಂಟಾದವರ ಮನಸ್ಸಿದ್ದದ್ದು ಟಾಡ್ ವ್ಯಾನ್ ಪೊಪ್ಪೆಲ್ ಎಂಬ ಪಿಚರ್ ಮೇಲೆ. ಅವನು ನಿಮ್ಮಲ್ಲಿಗೆ ಬರುವುದಿಲ್ಲ, ಕಾಲೇಜಿಗೆ ಹೋಗುತ್ತೇನೆ ಎಂದ. ಬೇರೆ ದಾರಿಯಿಲ್ಲದೆ ಜೋನ್ಸ್‌ನನ್ನು ಕೂಗಿದರು, ಹಾಲ್ ಆಫ್ ಫೇಮ್ ಆಟಗಾರ ಸಿಕ್ಕ. ವ್ಯಾನ್ ಪೊಪ್ಪೆಲ್ ಸಾಧಾರಣ ಪಿಚರ್ ಆಗಿ ಉಳಿದ. ಜಾಣತನ ಅಟ್ಲಾಂಟಾದ್ದು ಎಂದೇ ಲೋಕ ಹೊಗಳುತ್ತದೆ.

ಇನ್ನು ಪಟ್ಟಿಯ ಬುಡಕ್ಕೆ ಬರೋಣ. 1988ರಲ್ಲಿ ಸುತ್ತುಗಳಿಗೆ ಮಿತಿಯಿರಲಿಲ್ಲ, ಕ್ಲಬ್ಬುಗಳು ಸುಸ್ತಾಗುವವರೆಗೆ ಕೂಗಬಹುದಿತ್ತು. 62ನೆಯ ಸುತ್ತಿನಲ್ಲಿ, 1,390ನೆಯವನಾಗಿ, ಡಾಡ್ಜರ್ಸ್ ಮೈಕ್ ಪಿಯಾಜ಼ಾನ ಹೆಸರು ಹೇಳಿತು. ಅದೂ ಪ್ರತಿಭೆ ಕಂಡಲ್ಲ: ಹುಡುಗನ ಅಪ್ಪ ಡಾಡ್ಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾ ಅವರ ಹಳೆಯ ಸ್ನೇಹಿತ. ಶುದ್ಧ ಶಿಫಾರಸು. ಆಯ್ಕೆಯಾದ ಮೇಲೂ ಕ್ಲಬ್ಬಿಗೆ ಸಹಿ ಹಾಕಿಸಿಕೊಳ್ಳುವ ಉಮೇದಿರಲಿಲ್ಲ. ಕ್ಯಾಚರ್ ಆಗಿ ಬದಲಾಯಿಸಿ ನೋಡಿ ಎಂದು ಲಸೋರ್ಡಾ ಅವರೇ ಬೆನ್ನು ಹತ್ತಬೇಕಾಯಿತು. ಪಿಯಾಜ಼ಾ 427 ಹೋಮ್ ರನ್ ಹೊಡೆದ. ಕ್ಯಾಚರ್ ಆಗಿದ್ದಾಗ ಹೊಡೆದ 396 ಇಂದಿಗೂ ದಾಖಲೆ. ಇದನ್ನು ಓದಿ ನಮ್ಮ ಕಡೆಯ ಶಿಫಾರಸಿನವರು ತಪ್ಪು ಪಾಠ ಕಲಿತಾರು ಎಂಬ ಭಯ ನನಗಿದೆ.

2016ರ ಬೇಸಿಗೆಯಲ್ಲಿ ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನಿನ ವೇದಿಕೆಯ ಮೇಲೆ ಇಬ್ಬರು ಸನ್ಮಾನಿತರಾದರು. ಒಬ್ಬ 1987ರ ಮೊದಲ ಆಯ್ಕೆ ಗ್ರಿಫಿ, ಇನ್ನೊಬ್ಬ ಪಿಯಾಜ಼ಾ. ಮೊದಲನೆಯ ಸರದಿಯವನೊಬ್ಬ ಆ ಗೋಡೆಯ ಮೇಲೆ ಹೆಸರು ಕೆತ್ತಿಸಿಕೊಳ್ಳಲು ಡ್ರಾಫ್ಟ್ ಶುರುವಾಗಿ 51 ವರ್ಷ ಬೇಕಾಗಿತ್ತು. ಬಂದವನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವನು 1,390ನೆಯವನು.

ಸೋತರೆ ಮೊದಲ ಪಂಕ್ತಿ ಎಂದ ಮೇಲೆ ಸೋಲುವುದನ್ನೇ ಕಸುಬು ಮಾಡಿಕೊಂಡರೆ ಹೇಗೆ ಎಂದು ಯಾರಿಗಾದರೂ ಹೊಳೆಯಲೇಬೇಕಿತ್ತು. ಹ್ಯೂಸ್ಟನ್ ಆಸ್ಟ್ರೋಸ್‌ಗೆ ಹೊಳೆಯಿತು. 2011ರಲ್ಲಿ 106 ಸೋಲು, ಮರುವರ್ಷ 107, ಅದರ ಮರುವರ್ಷ 111. ದುಬಾರಿ ಆಟಗಾರರನ್ನು ಮಾರಿ, ಶ್ರದ್ಧೆಯಿಂದ, ಪಾಠ ಓದಿದಂತೆ ಸೋತರು. ಪ್ರತಿಫಲವಾಗಿ ಸತತ ಮೂರು ವರ್ಷ ಮೊದಲ ಆಯ್ಕೆ. 2012ರ ಕಾರ್ಲೋಸ್ ಕೊರಿಯಾ ಬೆಳೆದ. 2013ರ ಮಾರ್ಕ್ ಆಪೆಲ್‌ಗೆ 63.5 ಲಕ್ಷ ಡಾಲರ್ ಸುರಿದರು. ಅವನಿಗೆ ಪಿಚಿಂಗೇ ಮರೆತಂತಾಗಿ 2018ರಲ್ಲಿ ಆಟ ಬಿಟ್ಟು ಕುಳಿತ. ಬಿಟ್ಟ ಎರಡನೆಯವನು ಕ್ರಿಸ್ ಬ್ರಯಂಟ್, 2016ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ. 2014ರ ಬ್ರೇಡಿ ಏಕನ್‌ಗೆ 65 ಲಕ್ಷಕ್ಕೆ ಮಾತಾಗಿತ್ತು; ಮೊಣಕೈ ಸ್ಕ್ಯಾನಿನಲ್ಲಿ ಏನೋ ಕಂಡು ಬೆಲೆ ಇಳಿಸಿದರು, ಹುಡುಗ ಸಹಿ ಹಾಕಲಿಲ್ಲ. ಪರಿಹಾರವಾಗಿ ಮರುವರ್ಷದ ಎರಡನೆಯ ಸರದಿ ಸಿಕ್ಕಿತು, ಅದರಲ್ಲಿ ಅಲೆಕ್ಸ್ ಬ್ರೆಗ್‌ಮನ್ ಬಂದ. ಅಂದರೆ ಮೂರು ಮೊದಲ ಆಯ್ಕೆಗಳಲ್ಲಿ ಒಂದು ಫಲಿಸಿತು, ಒಂದು ಮುರಿಯಿತು, ಮತ್ತೊಂದು ಕೈತಪ್ಪಿದ್ದರಿಂದಲೇ ಲಾಭವಾಯಿತು.

2017ರಲ್ಲಿ ಕ್ಲಬ್ಬು ವರ್ಲ್ಡ್ ಸೀರೀಸ್ ಗೆದ್ದಾಗ ಮುನ್ನೂರು ಸೋಲಿನ ದೂರದೃಷ್ಟಿಯನ್ನು ಎಲ್ಲರೂ ಕೊಂಡಾಡಿದರು. ಆ ತಂಡದ ದೊಡ್ಡ ತಾರೆ ಹೋಸೆ ಆಲ್ಟೂವೆ ಡ್ರಾಫ್ಟಿಗೆ ಸೇರಿದವನೇ ಅಲ್ಲ. ವೆನೆಜುವೆಲಾದ ಹುಡುಗ, ತೀರಾ ಗಿಡ್ಡ ಎಂದು ಮನೆಗೆ ಕಳಿಸಿದ್ದರು, ಮರುದಿನ ಮತ್ತೆ ಬಂದು ನಿಂತ, 15 ಸಾವಿರ ಡಾಲರಿಗೆ ಸಿಕ್ಕ. ಆಮೇಲೆ ಇನ್ನೊಂದು ಸಂಗತಿಯೂ ಹೊರಬಿತ್ತು. ಎದುರಾಳಿ ಕ್ಯಾಚರ್ ಬೆರಳಿನಲ್ಲಿ ತೋರುವ ಸನ್ನೆಯನ್ನು ಕ್ಯಾಮೆರಾದಲ್ಲಿ ಕದ್ದು ನೋಡಿ, ಕಸದ ಡಬ್ಬಿ ಬಡಿದು ತಮ್ಮ ಬ್ಯಾಟ್ಸ್‌ಮನ್‌ಗೆ ತಿಳಿಸುತ್ತಿದ್ದರಂತೆ. ಕೋಟಿ ಕೋಟಿಯ ಪ್ರತಿಭೆಗೆ ಕೊನೆಗೆ ಕಸದ ಡಬ್ಬಿಯ ಆಸರೆ.

2020ರಲ್ಲಿ ಶಿಕ್ಷೆಯಾಯಿತು. 50 ಲಕ್ಷ ಡಾಲರ್ ದಂಡ, ಜೊತೆಗೆ ಆ ವರ್ಷ ಮತ್ತು ಮುಂದಿನ ವರ್ಷ ಮೊದಲ ಎರಡು ಸುತ್ತಿನ ಆಯ್ಕೆಗಳು ರದ್ದು. ಮೊದಲ ಸುತ್ತಿನಲ್ಲಿ ಕೂಗುವ ಭಾಗ್ಯವನ್ನೇ ಕಿತ್ತುಕೊಂಡರು! ಆಸ್ಟ್ರೋಸ್ 2021ರಲ್ಲಿ ಮತ್ತೆ ವರ್ಲ್ಡ್ ಸೀರೀಸ್ ತಲುಪಿತು, 2022ರಲ್ಲಿ ಗೆದ್ದೂಬಿಟ್ಟಿತು. ಆ ಎರಡು ವರ್ಷ ಕೂಗಬಹುದಾಗಿದ್ದ ಹುಡುಗರು ಹೇಗೂ ಅಷ್ಟರಲ್ಲಿ ತಯಾರಾಗುತ್ತಿರಲಿಲ್ಲ, ಆದ್ದರಿಂದ ಇದು ಪುರಾವೆಯಲ್ಲ ಎಂದು ತಿಳಿದವರು ಹೇಳುತ್ತಾರೆ. ಒಪ್ಪಿದೆ. ಆದರೂ ಆ ಸರಣಿಯ ಅತ್ಯುತ್ತಮ ಆಟಗಾರ ಜೆರೆಮಿ ಪೆನ್ಯ ಮೂರನೆಯ ಸುತ್ತಿನವನು. ಮುಖ್ಯ ಪಿಚರುಗಳಲ್ಲೊಬ್ಬನಾದ ಫ್ರಾಂಬರ್ ವಾಲ್ಡೆಸ್ 10 ಸಾವಿರ ಡಾಲರಿನವನು.

ಅದೇ 2022ರ ಜೂನ್ ಕೊನೆಯಲ್ಲಿ ಫಿಲಡೆಲ್ಫಿಯಾದಲ್ಲಿ, ಆಟ ಬಿಟ್ಟು ಕುಳಿತಿದ್ದ ಮಾರ್ಕ್ ಆಪೆಲ್ ಮೊದಲ ಸಲ ಮೇಜರ್ ಲೀಗಿನ ಮೈದಾನಕ್ಕಿಳಿದ. ಮೂವತ್ತು ವರ್ಷ, ಆಯ್ಕೆಯಾಗಿ ಒಂಬತ್ತು ವರ್ಷ. ಒಂದು ಇನಿಂಗ್ಸ್ ಎಸೆದ, ರನ್ ಕೊಡಲಿಲ್ಲ. ಆಗ ಅವನನ್ನು ಯಾರೂ ಅಳೆಯುತ್ತಿರಲಿಲ್ಲ.

ಸುಳಿ ಸರಿಯಾಗಿ ನೋಡಿದವರೂ ಇದ್ದರು ಎನ್ನದಿದ್ದರೆ ತಪ್ಪಾದೀತು. ಹ್ಯಾಲ್ ನ್ಯೂಹೌಸರ್ ತಾವೇ ದೊಡ್ಡ ಪಿಚರ್ ಆಗಿದ್ದವರು, ನಂತರ ಹ್ಯೂಸ್ಟನ್‌ಗೆ ಸ್ಕೌಟ್ ಆದರು. 1992ರಲ್ಲಿ ಮೊದಲ ಸರದಿ ಹ್ಯೂಸ್ಟನ್‌ನದೇ ಇತ್ತು. ಮಿಶಿಗನ್‌ನ ಡೆರೆಕ್ ಜೀಟರ್ ಎಂಬ ಹುಡುಗನನ್ನು ಬಿಡಬೇಡಿ ಎಂದು ಅವರು ಅಂಗಲಾಚಿದರು. ಹುಡುಗ ಹೆಚ್ಚು ಹಣ ಕೇಳಿಯಾನು ಎಂದು ಕ್ಲಬ್ಬು ಫಿಲ್ ನೆವಿನ್‌ನನ್ನು ಕೂಗಿತು. ಆರನೆಯವನಾಗಿ ಜೀಟರ್ ಯಾಂಕೀಸ್ ಪಾಲಾದ, ಐದು ವರ್ಲ್ಡ್ ಸೀರೀಸ್ ಗೆದ್ದ. ನ್ಯೂಹೌಸರ್ ಬೇಸತ್ತು ಕೆಲಸ ಬಿಟ್ಟರು.

ಇನ್ನೊಬ್ಬರು ಏಂಜಲ್ಸ್ ಕ್ಲಬ್ಬಿನ ಎಡ್ಡಿ ಬೇನ್. 2009ರಲ್ಲಿ ಅವರಿಗೆ ಬೆನ್ನುಬೆನ್ನಿಗೆ 24 ಮತ್ತು 25ನೆಯ ಸರದಿಗಳಿದ್ದವು. 24ರಲ್ಲಿ ರ‍್ಯಾಂಡಲ್ ಗ್ರಿಚಕ್ ಹೆಸರು ಹೇಳಿದರು, 25ರಲ್ಲಿ ಮೈಕ್ ಟ್ರೌಟ್ ಎಂದರು. ಟ್ರೌಟ್ ಮುಂದೆ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನಾದ. ಆದರೆ ಅವನು ಮೇಜರ್ ಲೀಗಿಗೆ ಕಾಲಿಟ್ಟದ್ದು 2011ರ ಜುಲೈನಲ್ಲಿ. ಏಂಜಲ್ಸ್ 2010ರಲ್ಲೇ ಬೇನ್ ಅವರನ್ನು ಕೆಲಸದಿಂದ ತೆಗೆದಿತ್ತು.