ಹಾಕುವುದೂ ನಾವೇ, ತೆಗೆಯುವುದೂ ನಾವೇ

ನಮ್ಮ ಮನೆಯ ಎದುರಿನ ಗೋಡೆಯನ್ನು ಯಾರಾದರೂ ಕೊರೆದು ನೋಡಿದರೆ ಮೊದಲು ಕೆಂಪುಕಲ್ಲು ಸಿಗುತ್ತದೆ. ಆಮೇಲೆ ಬಣ್ಣ, ಆಮೇಲೆ ಸಿಮೆಂಟಿನ ಸಾರಣೆ. ಇನ್ನೂ ಒಳಗೆ ಹೋದರೆ ಪುನಃ ಕೆಂಪುಕಲ್ಲು. ಬಲ್ಲವರು ಇದನ್ನು ನೋಡಿಯೇ ನಮ್ಮ ಮನೆಯಲ್ಲಿ ಯಾವ ಕಾಲಕ್ಕೆ ಯಾರ ಮಾತು ನಡೆಯುತ್ತಿತ್ತು ಎಂದು ಹೇಳಬಹುದು.

ಒಳಗಿನ ಕಲ್ಲು ಮಾವನ ಕಾಲದ್ದು. ಕಾಸರಗೋಡಿನ ಬದಿಯಡ್ಕದ ಈ ಕಡೆ ಗುಡ್ಡೆ ಅಗೆದರೆ ಸಿಗುವುದೇ ಅದು. ನೆಲದಡಿಯಲ್ಲಿ ಮೆದುವಾಗಿದ್ದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುವ ಈ ಕಲ್ಲಿನ ಬಗ್ಗೆ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲೇ ಪುಸ್ತಕದಲ್ಲಿ ಬರೆದ. ಅವನು ನೋಡಿದ್ದು ಮಲಪ್ಪುರಂ ಕಡೆಯ ಅಂಗಡಿಪ್ಪುರಂನಲ್ಲಿ. ಅವನಿಗೂ ಮೊದಲೇ ಕೆಳದಿಯ ನಾಯಕರು ಇದೇ ಕಲ್ಲಿನಲ್ಲಿ ಬೇಕಲ ಕೋಟೆ ಕಟ್ಟಿ ಆಗಿತ್ತು. ಕೋಟೆಗೆ ಸಾರಣೆ ಯಾಕೆ ಮಾಡಿಲ್ಲ ಎಂದು ಯಾರೂ ಕೇಳುವುದಿಲ್ಲ. ಮನೆಗಾದರೆ ಕೇಳುತ್ತಾರೆ. ಬಂದ ನೆಂಟರೆಲ್ಲ ಬಾಯಾರಿಕೆ ಕುಡಿಯುತ್ತಾ, ಗೋಡೆ ನೋಡುತ್ತಾ, "ಸಾರಣೆ ಮಾಡ್ಲಿಕ್ಕೆ ಆಗ್ಲಿಲ್ವಾ ಭಾವ?" ಎಂದು ಕೇಳಿ ಕೇಳಿ, ಒಂದು ವರ್ಷ ಅಡಿಕೆಗೆ ರೇಟು ಬಂದದ್ದೇ ತಡ, ಮಾವ ಸಾರಣೆ ಮಾಡಿಸಿದರು. ಮೇಲೆ ತಿಳಿ ಹಸಿರು ಬಣ್ಣ. ಕಾಸರಗೋಡಿನ ಮಳೆಗೆ ಆ ಹಸಿರು ಯಾವುದು, ಪಾಚಿಯ ಹಸಿರು ಯಾವುದು ಎಂದು ಎರಡನೇ ಮಳೆಗಾಲದಿಂದ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಬಣ್ಣ ಒಳ್ಳೆ ಬಾಳಿಕೆ ಬಂತು.

ಮತ್ತೆ ನನ್ನ ಕಾಲ ಬಂತು. ಬೆಂಗಳೂರಿನಲ್ಲಿರುವ ಮಗಳು ಯಾವುದೋ ರೆಸಾರ್ಟಿನ ಫೋಟೋ ಕಳಿಸಿದಳು. ಸಾರಣೆ ಇಲ್ಲದ ಕೆಂಪುಕಲ್ಲಿನ ಗೋಡೆ, ಅದಕ್ಕೊಂದು ಹಳದಿ ದೀಪ. ಎಂಥ ಚಂದ! ಮೇಸ್ತ್ರಿಯನ್ನು ಕರೆಸಿ, ಸಾರಣೆ ಕೆತ್ತಿ ತೆಗೆಯಲಿಕ್ಕೆ ಆಗುತ್ತದಾ ಎಂದು ಕೇಳಿದೆ. ಕೆತ್ತಿದರೆ ಕಲ್ಲೂ ಒಟ್ಟಿಗೆ ಬರ್ತದೆ ಅಂದ. ಬೇರೆ ದಾರಿ ಉಂಟು, ಕೆಂಪುಕಲ್ಲನ್ನೇ ತೆಳ್ಳಗೆ ಕೊಯ್ದು ಟೈಲ್ಸ್ ಮಾಡುತ್ತಾರೆ, ಅದನ್ನು ಸಾರಣೆಯ ಮೇಲೆ ಅಂಟಿಸಿದರೆ ಆಯಿತು, "ಕೊಯಪ್ಪಿಲ್ಲ ಅಕ್ಕಾ", ತೊಂದರೆ ಇಲ್ಲ ಅಂದ. ಅಂಟಿಸಿ ಮುಗಿದ ದಿನ ಅತ್ತೆ ಊರುಗೋಲು ಹಿಡಿದು ಬಂದು ಗೋಡೆಯನ್ನು ಕುಟ್ಟಿ ನೋಡಿದರು.

"ಇದು ಎಂತದ್ದು?"

"ಕೆಂಪುಕಲ್ಲು ಅತ್ತೆ."

"ಒಳಗೆ ಇರುವುದು ಎಂತ ಹಾಗಾದ್ರೆ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಒಳಗಿನದ್ದು ಮನೆ ನಿಲ್ಲಲಿಕ್ಕೆ, ಹೊರಗಿನದ್ದು ನೋಡಲಿಕ್ಕೆ. ಅತ್ತೆಗೆ ಹೇಳಲಿಲ್ಲ ಅಷ್ಟೆ.

ಮಾಡಿನ, ಅಂದರೆ ಛಾವಣಿಯ, ಕಥೆಯನ್ನು ಉದ್ದ ಮಾಡುವುದಿಲ್ಲ, ಯಾಕೆಂದರೆ ಅದು ಊರಿನ ಎಲ್ಲರ ಮನೆಯ ಕಥೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆಯವರು ಮುಳಿಹುಲ್ಲು ಬಿಟ್ಟು ಹಂಚಿಗೆ ಬಂದರು. ಹಂಚು ಬಿಟ್ಟು ಟೆರೇಸಿಗೆ ಬಂದರು. ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಚಪ್ಪಟೆ ಟೆರೇಸು. ಅದು ಸೋರಿತು. ಈಗ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಶೀಟು ಹಾಕಿದ್ದೇವೆ. ಹಳೆ ಹಂಚನ್ನೇ ಹೊದೆಸಬಹುದಿತ್ತು. ಆದರೆ ಅಷ್ಟರಲ್ಲಿ ಎಲ್ಲರೂ ಶೀಟು ಹಾಕುತ್ತಿದ್ದರು ಅಲ್ವಾ. ಹಂಚು ಹಟ್ಟಿಯಲ್ಲಿ ಭದ್ರವಾಗಿ ಉಂಟು. ಹಟ್ಟಿಯ ವಿಷಯ ಆಮೇಲೆ ಬರುತ್ತದೆ.

ದೊಡ್ಡ ಯುದ್ಧ ನಡೆದದ್ದು ಅಂಗಳದಲ್ಲಿ.

ಅಡಿಕೆ ತೋಟದವರ ಮನೆಯಲ್ಲಿ ಅಂಗಳ ಮನೆಯವರದ್ದಲ್ಲ. ನವೆಂಬರಿನಿಂದ ಅದು ಅಡಿಕೆಯದ್ದು. ಹಣ್ಣಡಿಕೆ ಸರಿಯಾಗಿ ಒಣಗಿ ಚಾಲಿ ಆಗಬೇಕಾದರೆ 40 ದಿನದ ಒಳ್ಳೆ ಬಿಸಿಲು ಬೇಕು, ಮೋಡ ಬಂದರೆ ಇನ್ನೂ ಜಾಸ್ತಿ. ಅದಕ್ಕೇ ಮಳೆ ಬಿಟ್ಟ ಕೂಡಲೇ ಅಂಗಳ ಕೆತ್ತಿ, ಸಮ ಮಾಡಿ, ಮರದ ಮಣೆಯಲ್ಲಿ ಬಡಿದು, ಸೆಗಣಿ ಸಾರಿಸುವುದು. ನಮ್ಮದು ಹಾಗೇ ಇತ್ತು. ಹಟ್ಟಿಯಲ್ಲಿ ದನ ಇತ್ತು, ದನ ಸೆಗಣಿ ಹಾಕುತ್ತಿತ್ತು, ಯಾರೂ ಅದನ್ನು ಒಂದು ಸವಲತ್ತು ಎಂದು ತಿಳಿದಿರಲಿಲ್ಲ. ದನ ನೋಡಿಕೊಳ್ಳಲು ಜನ ಇಲ್ಲ ಎಂದು ಅದನ್ನು ಕೊಟ್ಟೆವು. ದನ ಹೋದ ಮೇಲೆ ಅಂಗಳಕ್ಕೆ ಎಂತ ಮಾಡುವುದು?

ಹುಲ್ಲು ಹಾಕುವ ಎಂದೆ. ಜೂನಿನಲ್ಲಿ ನರ್ಸರಿಯವರು ಬಂದು ಚಾಪೆ ಬಿಡಿಸಿದ ಹಾಗೆ ಹುಲ್ಲು ಹಾಸಿ ಹೋದರು. ಮಳೆಗಾಲ ಇಡೀ ನಾನು ಜಗಲಿಯಲ್ಲಿ ಕೂತು ಚಾ ಕುಡಿದೆ. ಅಂಥ ಹಸಿರು! ನಡುನಡುವೆ ನಾಚಿಕೆಮುಳ್ಳು ಬಂತು, ಕಿತ್ತೆ. ಪುನಃ ಬಂತು. ನವೆಂಬರಿನಲ್ಲಿ ತೋಟದಿಂದ ಮೊದಲ ಕೊಯ್ಲಿನ ಗೋಣಿ ಬಂದಾಗ ಇವರು ಹುಲ್ಲಿನ ನಡುವೆ ನಿಂತು, ಗೋಣಿಯ ಬಾಯಿ ಬಿಚ್ಚಿ, ನನ್ನ ಮುಖ ನೋಡಿದರು. ಒಂದು ಮಾತೂ ಆಡಲಿಲ್ಲ. ಮಾತಾಡಿದ್ದರೆ ಜಗಳವಾದರೂ ಮಾಡಬಹುದಿತ್ತು. ಮನೆ ನಡೆಯುವುದು ಅಡಿಕೆಯಿಂದ. ಹುಲ್ಲು ಹೋಯಿತು, ಇಂಟರ್‌ಲಾಕ್ ಬಂತು.

ಇಂಟರ್‌ಲಾಕಿನಲ್ಲಿ ಅಡಿಕೆ ಚೆನ್ನಾಗಿ ಒಣಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಡಿಕೆಯ ಜೊತೆ ನಾವೂ ಒಣಗಿದೆವು. ಮಧ್ಯಾಹ್ನದ ಬಿಸಿ ರಾತ್ರಿ ಊಟದ ಹೊತ್ತಿಗೂ ಒಳಗೆ ಬರುತ್ತದೆ. ಅತ್ತೆಯ ಸಮಸ್ಯೆ ಬೇರೆ. ಅಂಗಳದ ನಡುವೆ ತುಳಸಿಕಟ್ಟೆ ಇರುವುದರಿಂದ ಅವರು ಅಲ್ಲಿ ಚಪ್ಪಲಿ ಹಾಕುವವರಲ್ಲ. ಬಿಸಿಲಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಬರುವಾಗ ಅವರ ವೇಗ ಎಷ್ಟು ಹೆಚ್ಚಿತೆಂದರೆ ಊರುಗೋಲು ಹಿಂದೆ ಉಳಿಯಿತು. ಮಳೆಗಾಲದಲ್ಲಿ ಅದೇ ಇಂಟರ್‌ಲಾಕಿಗೆ ಹಾವಸೆ ಹಿಡಿಯಿತು. ಮೊದಲಾದರೆ ಅಂಗಳಕ್ಕೆ ಸೋಗೆ ಹಾಸುತ್ತಿದ್ದೆವು, ಅದರ ಮೇಲೆ ಧೈರ್ಯವಾಗಿ ನಡೆಯಬಹುದಿತ್ತು. ಈಗ ಇಷ್ಟು ಹಣ ಹಾಕಿದ ಇಂಟರ್‌ಲಾಕಿನ ಮೇಲೆ ಸೋಗೆ ಹಾಸುವುದಾ? ಹಾಸಿದೆವು. ಜಾರಿ ಸೊಂಟ ಮುರಿದರೆ ಆಸ್ಪತ್ರೆಗೆ ಮಂಗಳೂರಿಗೇ ಹೋಗಬೇಕಲ್ಲ.

ತುಳಸಿಕಟ್ಟೆಯ ಸುತ್ತ ಇಂಟರ್‌ಲಾಕ್ ತೆಗೆದು ಮಣ್ಣು ಮಾಡಿಕೊಡಿ ಎಂದು ಮೇಸ್ತ್ರಿಗೆ ಫೋನ್ ಮಾಡಿದಾಗ ಅವನು ನಗಲಿಲ್ಲ. ಒಳ್ಳೆಯ ಮನುಷ್ಯ. ತೆಗೆದದ್ದನ್ನು ಎಲ್ಲಿ ಇಡುವುದು ಎಂದು ಮಾತ್ರ ಕೇಳಿದ. ಹಟ್ಟಿಯಲ್ಲಿ ಎಂದೆ.

ಈ ಗಲಾಟೆಯ ನಡುವೆ ನಾನು ಬಿಂಬುಳಿ ಮರ ಕಡಿಸಿ ರಂಬುಟಾನ್ ನೆಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ಬೀಜದ ಗಿಡ ಆದರೆ ಗಂಡು ಮರವೂ ಆಗಬಹುದು, ಹಣ್ಣೇ ಬರಲಿಕ್ಕಿಲ್ಲ ಎಂದು ಕಸಿ ಗಿಡವನ್ನೇ ತಂದಿದ್ದೆ. ಹಣ್ಣು ಬಂತು. ಬಾವಲಿಗಳೂ ಬಂದವು. ಅದಕ್ಕೆ ಇಡೀ ಮರಕ್ಕೆ ಬಲೆ ಹೊದೆಸಿದ್ದೇವೆ. ಬಲೆ ಹಾಕಿದ ಮರ ಸರಿಯಾಗಿ ಆ ಕೆಂಪುಕಲ್ಲಿನ ಟೈಲ್ಸಿನ ಎದುರಿಗೇ ಉಂಟು, ಗೋಡೆ ಕಾಣುವುದಿಲ್ಲ. ಇವರಿಗೆ ಚಟ್ನಿಗೆ ಬಿಂಬುಳಿಯೇ ಆಗಬೇಕು. ಆಚೆ ಮನೆಯ ಅಕ್ಕ ಒಂದು ತೊಟ್ಟೆ ಬಿಂಬುಳಿ ಕೊಡುವಾಗಲೆಲ್ಲ, "ನಿಮ್ಮಲ್ಲಿ ದೊಡ್ಡ ಮರ ಇತ್ತಲ್ಲಾ?" ಎಂದು ಕೇಳುತ್ತಾರೆ. ಬದಲಿಗೆ ರಂಬುಟಾನ್ ಕೊಟ್ಟು ಮಾತು ತಿರುಗಿಸುತ್ತೇನೆ.

ತುಳಸಿಕಟ್ಟೆಯ ಸುತ್ತಿನ ಮಣ್ಣು ಈಗ ಮೆಲ್ಲಮೆಲ್ಲ ದೊಡ್ಡದಾಗುತ್ತಿದೆ. ಇನ್ನು ನಾಲ್ಕು ಸಾಲು ತೆಗೆದರೆ ಕೂರಲಿಕ್ಕೆ ತಂಪು ಎಂದು ಅತ್ತೆ ಹೇಳಿದರು, ತೆಗೆದೆವು. ಮಣ್ಣು ಎಂದ ಮೇಲೆ ಸಾರಿಸಬೇಕು. ಸೆಗಣಿ ಎಲ್ಲಿದೆ? ದನ ಇರುವ ಮನೆಗಳೇ ಬೆರಳೆಣಿಕೆ, ಇದ್ದವರಿಗೆ ಅವರ ಅಂಗಳ, ಅವರ ಗೋಬರ್ ಗ್ಯಾಸು. ಅಂಗಳದ ಸಮಯಕ್ಕೆ ಸೆಗಣಿಗೂ ಮೊದಲೇ ಹೇಳಿ ಇಡಬೇಕು. ಕೊನೆಗೆ ಇವರೇ ಒಂದು ಕಾಸರಗೋಡು ಗಿಡ್ಡ ತಳಿಯ ದನಕ್ಕೆ ಅಡ್ವಾನ್ಸ್ ಕೊಟ್ಟು ಬಂದರು. ಎಲ್ಲದಕ್ಕೂ "ಅಡಿಕೆ ಕೊಟ್ಟಾದ ಮೇಲೆ ನೋಡುವ" ಎನ್ನುವ ಮನುಷ್ಯ ಇದಕ್ಕೆ ಮಾತ್ರ ಕಾಯಲಿಲ್ಲ. ಸಣ್ಣ ದನ, ಜಾಸ್ತಿ ತಿನ್ನುವುದಿಲ್ಲ, ಜಾಗವೂ ಬೇಡ ಎಂದರು.

ಸ್ವಲ್ಪವಾದರೂ ಜಾಗ ಬೇಡವಾ? ಹಟ್ಟಿಯ ಬಾಗಿಲು ತೆಗೆದರೆ ಒಂದು ಕಡೆ ಹಳೆ ಹಂಚು, ಇನ್ನೊಂದು ಕಡೆ ಇಂಟರ್‌ಲಾಕ್, ನಡುವೆ ಉಳಿದ ಟೈಲ್ಸಿನ ಪೆಟ್ಟಿಗೆ. ಮೂಲೆಯಲ್ಲಿ ಮಾವನ ಕಾಲದ ಹಸಿರು ಬಣ್ಣದ ಡಬ್ಬಿ. ಯಾವುದನ್ನೂ ಬಿಸಾಡುವ ಹಾಗಿಲ್ಲ, ನಾಳೆ ಬೇಕಾದರೆ? ಹಾಗಾಗಿ ಹೊಸ ಹಟ್ಟಿ ಕಟ್ಟುವುದೆಂದು ತೀರ್ಮಾನವಾಯಿತು. ಮೇಸ್ತ್ರಿ ಟೇಪು ಹಿಡಿದು ಬಂದ. ಮಾಡಿಗೆ ಹಳೆ ಹಂಚು ಎಂದರು ಇವರು. ಶೀಟೇ ಒಳ್ಳೆಯದು ಎಂದೆ ನಾನು. ಗೋಡೆಗೆ ಸಾರಣೆ ಬೇಕೇ ಬೇಕು, ನೆಂಟರು ಕೇಳುತ್ತಾರೆ ಎಂದರು ಅತ್ತೆ.

ಮೇಸ್ತ್ರಿ ಎಲ್ಲವನ್ನೂ ಕೇಳಿ, ಟೇಪು ಸುತ್ತಿ ಕಿಸೆಗೆ ಹಾಕಿದ.

"ಪಾಯ ಸ್ವಲ್ಪ ಗಟ್ಟಿ ಹಾಕುವ ಅಕ್ಕಾ. ನಾಳೆ ನಿಮಗೆ ಮೇಲೊಂದು ರೂಮು ಬೇಕು ಅಂತ ಆಗ್ಬಹುದು."